ಹೋಗುವಾಗ 36 ಕೆಜಿ, ಬರುವಾಗ 65

2025ರ ಆಗಸ್ಟ್ 13, ಬುಧವಾರ ರಾತ್ರಿ

ಪುಣೆಯ ನಮ್ಮ ಮನೆ ಹಾಲಿನಲ್ಲಿ ಮೂರು ಸೂಟ್‌ಕೇಸ್ ಬಾಯಿ ತೆರೆದುಕೊಂಡು ಬಿದ್ದಿದ್ದವು. ಬೆಳಗಿನ ಜಾವ ವಿಮಾನ. ಪುಣೆಯಿಂದ ಬೆಂಗಳೂರು, ಅಲ್ಲಿಂದ ಶಿವಮೊಗ್ಗ. ತಾಳಗುಪ್ಪದ ಆಚೆ ಶರಾವತಿ ಹಿನ್ನೀರಿನ ಹತ್ತಿರ ಒಂದು ರೆಸಾರ್ಟಿನಲ್ಲಿ ಎರಡು ರಾತ್ರಿ, ಆಮೇಲೆ ಸಾಗರದ ಪಕ್ಕದ ನನ್ನ ತವರಿನಲ್ಲಿ ಎರಡು ರಾತ್ರಿ. ನಾನು, ಇವರು, 11 ವರ್ಷದ ಮಗಳು, 5 ವರ್ಷದ ಮಗ. ಕೊನೇ ಗಳಿಗೆಯಲ್ಲಿ ಅತ್ತೆ, "ಜೋಗ ನೋಡಿ ಎಷ್ಟೋ ವರ್ಷ ಆಯ್ತು, ನಾನೂ ಬರ್ತೀನಿ" ಅಂದರು. ಹಾಗಾಗಿ ಅವರ ಟಿಕೆಟ್ ಮಾತ್ರ ಬೇರೆಯಾಗಿ ಮಾಡಿಸಿದ್ದು. ಇದನ್ನು ನೆನಪಿಟ್ಟುಕೊಳ್ಳಿ, ಬರುವಾಗ ಬೇಕಾಗುತ್ತೆ.

ಇವರು ಲೆಕ್ಕದ ಮನುಷ್ಯ. "ತಲೆಗೆ 15 ಕೆಜಿ, ಐದು ಜನಕ್ಕೆ 75. ಕೈಯಲ್ಲಿ ಒಯ್ಯೋದು ತಲೆಗೆ 7, ಅದು 35. ಒಟ್ಟು 110 ಕೆಜಿ ಒಯ್ಯಬಹುದು ಕಣೇ" ಅಂದರು. ಒಯ್ಯಬಹುದು, ಸರಿ. ಎತ್ತೋರು ಯಾರು? ಅತ್ತೆಗೆ ಮಂಡಿನೋವು. ಮಗ ತನ್ನ ನೀರಿನ ಬಾಟಲಿಯನ್ನೇ ನನಗೆ ಹೊರಿಸುವವನು. ಮಗಳು ಚಕ್ರದ ಬ್ಯಾಗ್ ಎಳೆಯುತ್ತಾಳೆ, ನೆಲ ಸಪಾಟಾಗಿದ್ದರೆ ಮಾತ್ರ. ಉಳಿದಿದ್ದು ನಮ್ಮಿಬ್ಬರ ನಾಲ್ಕು ಕೈ. ಅದರಲ್ಲೊಂದು ಯಾವಾಗಲೂ ಮಗನನ್ನು ಹಿಡಿದಿರಬೇಕು. ನನ್ನ ಲೆಕ್ಕ ಏನಿದ್ದರೂ ಮೂರು ಕೈಯದ್ದು.

ಬಟ್ಟೆ ಜೋಡಿಸುವುದಕ್ಕೆ ನನ್ನದೇ ಒಂದು ಕ್ರಮ ಇದೆ. ಹಳೇ ದಿಂಬಿನ ಕವರ್ ತಗೊಂಡು, ಒಂದೊಂದರಲ್ಲಿ ಒಂದೊಂದು ದಿನದ ಬಟ್ಟೆ, ಎಲ್ಲರದ್ದೂ ಸೇರಿಸಿ. ನಿನ್ನದು ನನ್ನದು ಅಂತ ಬೇರೆ ಮಾಡುವುದಿಲ್ಲ. ಬೆಳಿಗ್ಗೆ ಒಂದು ಕವರ್ ಎಳೆದರೆ ಆಯ್ತು, ಮನೆಮಂದಿಯೆಲ್ಲ ಸೂಟ್‌ಕೇಸ್ ಕೆದರುವುದು ತಪ್ಪುತ್ತೆ. ಜೊತೆಗೆ ಒಬ್ಬರ ಬಟ್ಟೆ ಪೂರ್ತಿ ಒಂದೇ ಸೂಟ್‌ಕೇಸಿನಲ್ಲಿ ಇಡುವುದಿಲ್ಲ. ಒಂದು ಸೂಟ್‌ಕೇಸ್ ಎಲ್ಲೋ ಉಳಿದುಹೋದರೂ ಯಾರೂ ಉಟ್ಟ ಬಟ್ಟೆಯಲ್ಲೇ ಇರಬೇಕಾಗಿಲ್ಲ.

ಜೀನ್ಸ್ ಬೇಡ ಅಂತ ಮೊದಲೇ ಹೇಳಿದ್ದೆ. ಆಗಸ್ಟಿನ ಮಲೆನಾಡಿನಲ್ಲಿ ಜೀನ್ಸ್ ಒಮ್ಮೆ ನೆಂದರೆ ಮುಂದಿನ ಬೇಸಿಗೆಗೇ ಒಣಗುವುದು. ಮಗಳು ಒಂದು ಜೊತೆ ತುರುಕಿದ್ದಾಳೆ ಅಂತ ನನಗೆ ಗೊತ್ತಾಗಿದ್ದು ಮೂರನೇ ದಿನ.

ಕೈಯಲ್ಲಿ ಇಟ್ಟುಕೊಂಡಿದ್ದು: ಅತ್ತೆಯ ಬಿಪಿ ಮಾತ್ರೆ, ಮಗನ ಜ್ವರದ ಔಷಧಿ, ಎಲ್ಲರಿಗೂ ಒಂದೊಂದು ಜೊತೆ ಬಟ್ಟೆ, ಪವರ್ ಬ್ಯಾಂಕ್, ಮತ್ತೆ ಮಕ್ಕಳ ಈಜುಡುಗೆ. ಕೊನೆಯದಕ್ಕೆ ಇವರು ನಕ್ಕರು. ರೂಮ್ ಕೊಡುವುದು ಮಧ್ಯಾಹ್ನ 2 ಗಂಟೆಗೆ. ಅಲ್ಲಿಯವರೆಗೆ ಈಜುಕೊಳ ನೋಡಿಕೊಂಡು ಮಕ್ಕಳು ಸುಮ್ನೆ ಕೂತಿರುತ್ತಾರಾ?

ಅತ್ತೆಯ ಎಲೆಯಡಿಕೆ ಸಂಚಿಯಿಂದ ಅಡಕತ್ತರಿ ತೆಗೆದು ಸೂಟ್‌ಕೇಸಿನೊಳಗೆ ಹಾಕಿದೆ. ಅವರ ಅಮ್ಮನ ಕಾಲದ್ದು. ಕಬ್ಬಿಣದ್ದು, ಹಿಡಿ ಸವೆದು ನುಣ್ಣಗಾಗಿದೆ, ತುದಿಯಲ್ಲಿ ಗಿಳಿಯ ತಲೆ. ಹರಿತ ಇರುವುದನ್ನೆಲ್ಲ ಕೈಚೀಲದಲ್ಲಿ ಬಿಡುವುದಿಲ್ಲ ಅಂದೆ. "ಇದರಲ್ಲಿ ಅಡಿಕೆ ಕತ್ತರಿಸಿದ್ದು ಬಿಟ್ಟು ಬೇರೇನೂ ಮಾಡಿಲ್ಲವಲ್ಲೇ" ಅಂದರು ಪಾಪ.

ನೀಲಿ ಸೂಟ್‌ಕೇಸ್ 14.5, ಕಪ್ಪು 13, ಅತ್ತೆಯ ಕಂದು 9. ಒಟ್ಟು 36.5 ಕೆಜಿ. ಬೇಕೆಂತಲೇ ಎಲ್ಲದರಲ್ಲೂ ಜಾಗ ಉಳಿಸಿದ್ದೆ. ತವರಿಗೆ ಹೋಗುವವಳಿಗೆ ಅಷ್ಟಾದರೂ ಮುಂದಾಲೋಚನೆ ಬೇಡವಾ?

ಆಗಸ್ಟ್ 14, ಗುರುವಾರ

ಪುಣೆಯಲ್ಲೇ ಸೂಟ್‌ಕೇಸ್ ಕೊಟ್ಟುಬಿಟ್ಟರೆ ನೇರ ಶಿವಮೊಗ್ಗದಲ್ಲೇ ಸಿಗುತ್ತೆ. ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿದ್ದರೆ ಈ ಅನುಕೂಲ. ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ ಬೆಂಗಳೂರಿನಲ್ಲಿ ಇಳಿಸಿಕೊಂಡು, ಮತ್ತೆ ಸಾಲಿನಲ್ಲಿ ನಿಂತು, ಮತ್ತೆ ಕೊಡಬೇಕು. ಸೂಟ್‌ಕೇಸಿಗೆ ಕಟ್ಟಿದ ಚೀಟಿಯ ಮೇಲೆ ಆರ್‌ಕ್ಯೂವೈ ಅಂತ ಇತ್ತು. ಶಿವಮೊಗ್ಗಕ್ಕೂ ಆ ಮೂರು ಅಕ್ಷರಕ್ಕೂ ಏನು ನಂಟೋ. ಇವರು ಮೂರೂ ಚೀಟಿಯ ಫೋಟೋ ಹೊಡೆದುಕೊಂಡರು. ಸೂಟ್‌ಕೇಸ್ ಬರದಿದ್ದರೆ ಮೊದಲು ಕೇಳುವುದೇ ಆ ನಂಬರ್, ಆಮೇಲೆ ಅದರ ಬಣ್ಣ, ಗಾತ್ರ.

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹಾರುವುದು ರೆಕ್ಕೆಗೆ ಫ್ಯಾನ್ ಇರುವ ಸಣ್ಣ ಎಟಿಆರ್ ವಿಮಾನ. ಸೀಟು 78. ತಲೆಯ ಮೇಲಿನ ಗೂಡೂ ಸಣ್ಣದು. ಪುಣೆಯಿಂದ ಬಂದ ವಿಮಾನದಲ್ಲಿ ಆರಾಮಾಗಿ ಹಿಡಿಸಿದ್ದ ಇವರ ಕೈ ಟ್ರಾಲಿ ಇಲ್ಲಿ ಹಿಡಿಸಲಿಲ್ಲ. ಮೆಟ್ಟಿಲ ಹತ್ತಿರವೇ ಸಿಬ್ಬಂದಿ ತಡೆದು, ಕೆಳಗೆ ಹಾಕ್ತೀವಿ, ಇಳಿಯುವಾಗ ತಗೊಳ್ಳಿ ಅಂದರು. ಇವರು ಕೊಟ್ಟೂಬಿಟ್ಟರು. "ರೀ, ಪವರ್ ಬ್ಯಾಂಕ್!" ಅಂತ ನಾನು ಕೂಗಿದೆ. ಅದರ ಬ್ಯಾಟರಿಗೆ ಬೆಂಕಿ ಹತ್ತಿದರೆ ಮೇಲಿದ್ದರೆ ಯಾರಾದರೂ ನೋಡಿ ಆರಿಸುತ್ತಾರೆ, ಕೆಳಗಿದ್ದರೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಪವರ್ ಬ್ಯಾಂಕ್ ಕೆಳಗೆ ಹೋಗುವ ಹಾಗಿಲ್ಲ. ಗಾಳಿಯಲ್ಲಿ, ಎಲ್ಲರ ಮುಂದೆ, ಟ್ರಾಲಿ ಬಿಚ್ಚಿ ಪವರ್ ಬ್ಯಾಂಕ್ ತೆಗೆದರು. ಮಾತ್ರೆ ಡಬ್ಬಿಯನ್ನೂ ತೆಗೆದರು. ಮಗನ ಒಂದು ಚಡ್ಡಿ ಹಾರಿ ವಿಮಾನದ ಚಕ್ರದವರೆಗೆ ಹೋಯಿತು. ಹಿಂದೆ ನಿಂತಿದ್ದ ಅಜ್ಜ ಒಬ್ಬರು ತಂದುಕೊಟ್ಟರು.

ಸೋಗಾನೆಯಲ್ಲಿ ಇಳಿದಾಗ ತುಂತುರು ಮಳೆ. ಕುವೆಂಪು ಹೆಸರಿನ ಈ ನಿಲ್ದಾಣ ಉದ್ಘಾಟನೆಯಾಗಿದ್ದು 2023ರ ಫೆಬ್ರುವರಿ 27ರಂದು. ಆ ವರ್ಷದ ಆಗಸ್ಟ್ ಕೊನೆಗೆ ಬೆಂಗಳೂರಿನ ವಿಮಾನ ಶುರುವಾಯಿತು. ಅತ್ತೆ ನಾಲ್ಕು ಹೆಜ್ಜೆ ನಡೆದು ತಿರುಗಿ ನಿಂತು, ಕಟ್ಟಡ ತಾವರೆ ಥರ ಇದೆ ಅಂದರು. ಇದೆ, ಹಾಗೇ ಕಟ್ಟಿದ್ದು. ಸಣ್ಣ ನಿಲ್ದಾಣದ ಸುಖ ಏನು ಅಂದರೆ, ಮಗನನ್ನು ಬಾತ್‌ರೂಮಿಗೆ ಕರಕೊಂಡು ಹೋಗಿ ಬರುವುದರೊಳಗೆ ಮೂರೂ ಸೂಟ್‌ಕೇಸ್ ಬಂದಿದ್ದವು.

ಅಲ್ಲಿಯವರೆಗೆ ಎಲ್ಲ ಚೆನ್ನಾಗೇ ಇತ್ತು. ಕೆಟ್ಟಿದ್ದು ಟ್ಯಾಕ್ಸಿಯಲ್ಲಿ. ಐದು ಜನ, ಮೂರು ಸೂಟ್‌ಕೇಸ್, ದೊಡ್ಡ ಗಾಡಿ ಬೇಕು ಅಂತ ಹೇಳಿದ್ದೆವು. ಬಂದಿದ್ದು ಮೂರು ಸಾಲಿನ ಗಾಡಿಯೇ. ಆದರೆ ಮೂರನೇ ಸಾಲಿನ ಸೀಟು ಎತ್ತಿ ನಿಲ್ಲಿಸಿದರೆ ಹಿಂದೆ ಉಳಿಯುವುದು ಒಂದು ಕೊಡೆ ಇಡುವಷ್ಟು ಜಾಗ. ಏಳು ಸೀಟು ಅನ್ನುವುದು ಏಳು ಜನಕ್ಕೇ ಹೊರತು ಏಳು ಜನರ ಸಾಮಾನಿಗಲ್ಲ. ಅಂತೂ ಎರಡು ದೊಡ್ಡ ಸೂಟ್‌ಕೇಸ್ ಮೇಲಿನ ಕ್ಯಾರಿಯರ್‌ಗೆ ಹೋದವು, ಮೇಲೆ ಟಾರ್ಪಾಲು. "ಒಂದು ಹನಿ ಬೀಳಲ್ಲ ಮೇಡಂ" ಅಂದ ಡ್ರೈವರ್.

ಆಯನೂರು ದಾಟುತ್ತಿದ್ದಂತೆ ಮಳೆ ಹಿಡಿಯಿತು. ಕುಂಸಿಯಲ್ಲಿ ವೈಪರ್ ಸಾಲದಾಯಿತು. ಆನಂದಪುರದಲ್ಲಿ ಕಾಫಿಗೆ ಇಳಿದಾಗ ನೋಡಿದೆ, ಟಾರ್ಪಾಲಿನ ಒಂದು ಮೂಲೆ ಬಾವುಟದ ಹಾಗೆ ಹಾರುತ್ತಿತ್ತು. ರೆಸಾರ್ಟಿಗೆ ಹೋಗಿ ಬಿಚ್ಚಿದರೆ ಕಪ್ಪು ಸೂಟ್‌ಕೇಸಿಗೆ ಏನೂ ಆಗಿಲ್ಲ, ಅದು ಗಟ್ಟಿ ಪ್ಲಾಸ್ಟಿಕ್ಕಿನದ್ದು. ನೀಲಿಯದು ಬಟ್ಟೆಯದು. ಎರಡು ದಿನದ ದಿಂಬಿನ ಕವರ್ ತೊಪ್ಪೆ. ಕಸದ ಡಬ್ಬಿಗೆ ಹಾಕುವ ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಸೂಟ್‌ಕೇಸಿನೊಳಗೆ ಹಾಸಿ ಅದರೊಳಗೆ ಬಟ್ಟೆ ತುಂಬಿದ್ದರೆ ಮುಗಿದಿತ್ತು. ಐದು ರೂಪಾಯಿಯ ಕೆಲಸ. ಮಲೆನಾಡಲ್ಲಿ ಹುಟ್ಟಿ ಬೆಳೆದವಳು ನಾನು, ನನಗೇ ಹೊಳೆಯಲಿಲ್ಲ ಅನ್ನುವುದು ಜಾಸ್ತಿ ಉರಿಸಿತು.

ರೂಮ್ ಸಿದ್ಧವಿರಲಿಲ್ಲ. ಮಕ್ಕಳು ಕೈಚೀಲದಿಂದ ಈಜುಡುಗೆ ತೆಗೆದು ಮಳೆಯಲ್ಲೇ ಕೊಳಕ್ಕೆ ಇಳಿದರು. ನಾನು ಇವರ ಮುಖ ನೋಡಿದೆ. ಇವರು ಹಿನ್ನೀರಿನ ಕಡೆ ನೋಡಿದರು.

ಆಗಸ್ಟ್ 15, ಶುಕ್ರವಾರ

ಬೆಳಿಗ್ಗೆ ರೆಸಾರ್ಟಿನವರು ಧ್ವಜ ಹಾರಿಸಿ ಎಲ್ಲರಿಗೂ ಲಾಡು ಕೊಟ್ಟರು. ಮಗ ಎರಡು ಸಲ ಸಾಲಿನಲ್ಲಿ ನಿಂತ.

ಜೋಗಕ್ಕೆ ಹೋದೆವು. 253 ಮೀಟರ್ ಎತ್ತರದಿಂದ ಬೀಳುವ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮಂಜಿನ ಹಿಂದೆ. ಸದ್ದು ಮಾತ್ರ ಕೇಳುತ್ತಿತ್ತು. ಅರ್ಧ ಗಂಟೆ ಕಾದ ಮೇಲೆ ಗಾಳಿ ಬೀಸಿ ಪರದೆ ಸರಿಯಿತು, ಹತ್ತೆಣಿಸುವಷ್ಟು ಹೊತ್ತು. ಅತ್ತೆ ಕೈ ಮುಗಿದರು. ಮತ್ತೆ ಮುಚ್ಚಿಕೊಂಡಿತು. ಅಷ್ಟು ಸಾಕಾಯಿತು ಅವರಿಗೆ.

ಸಾಮಾನಿನ ವಿಷಯಕ್ಕೆ ಬಂದರೆ, ಇಲ್ಲಿ ನಿಜಕ್ಕೂ ಬೇಕಾಗುವುದು ಎರಡೇ: ಹವಾಯಿ ಚಪ್ಪಲಿ ಮತ್ತು ಒಂದು ಪೊಟ್ಟಣ ಉಪ್ಪು. ನಾಲ್ಕು ಜೊತೆ ಶೂ ಹೊತ್ತು ತಂದಿದ್ದು ದಂಡ. ರೆಸಾರ್ಟಿನ ಹಿಂದಿನ ದಾರಿಯಲ್ಲಿ ನಡೆದು ಬಂದ ಮಗಳ ಕಾಲ್ಚೀಲದ ಮೇಲೆ ಎರಡು ಉಂಬಳ, ಅಂದರೆ ಜಿಗಣೆ. ಅವಳು ಕಿರುಚಿದ್ದು ಹಿನ್ನೀರಿನ ಆಚೆ ದಡಕ್ಕೂ ಕೇಳಿರಬೇಕು. ಅತ್ತೆ ಮಾತಾಡದೆ ಸಂಚಿಯಿಂದ ಒಂದು ಚಿಟಿಕೆ ಸುಣ್ಣ ತೆಗೆದು ಸವರಿದರು. ಉದುರಿಬಿದ್ದವು. ಪುಣೆಯಿಂದ ತಂದ ನನ್ನ ಉಪ್ಪು ಬಿಚ್ಚುವಷ್ಟರಲ್ಲಿ ಎಲ್ಲ ಮುಗಿದಿತ್ತು.

ರಾತ್ರಿ ರೂಮು ಅಗಸರ ಕಟ್ಟೆಯಾಗಿತ್ತು. ಕುರ್ಚಿ, ಪರದೆಯ ಕಂಬಿ, ಟಿವಿಯ ಮೂಲೆ, ಎಲ್ಲ ಕಡೆ ಬಟ್ಟೆ. ಬಾಲ್ಕನಿಯಲ್ಲಿ ಹಾಕಿದ್ದು ಹಾಕಿದಾಗಿಗಿಂತ ಜಾಸ್ತಿ ಒದ್ದೆಯಾಗಿತ್ತು. ಇವರು ಕೂದಲು ಒಣಗಿಸುವ ಮಷಿನ್ನಿನಲ್ಲಿ ಮಗನ ಕಾಲ್ಚೀಲ ಒಣಗಿಸುತ್ತಾ ಕೂತಿದ್ದರು. ಇಷ್ಟು ದುಡ್ಡು ಕೊಟ್ಟು ಬಂದು ಇದನ್ನು ಮಾಡ್ತಾ ಇದ್ದೀವಲ್ಲ ಅಂದರು. ನನಗೆ ನಗು ತಡೆಯಲಾಗಲಿಲ್ಲ.

ಆಗಸ್ಟ್ 16, ಶನಿವಾರ

ರೂಮ್ ಬಿಟ್ಟು, ಸಾಮಾನೆಲ್ಲ ಗಾಡಿಯಲ್ಲೇ ಇಟ್ಟುಕೊಂಡು ಸಿಗಂದೂರಿಗೆ ಹೋದೆವು. ಈ ಸಲ ಬೇರೆ ಗಾಡಿ, ಮೂರೂ ಸೂಟ್‌ಕೇಸ್ ಒಳಗೇ ಹಿಡಿಸಿದವು. ಹೋದ ತಿಂಗಳು ತಾನೇ ತೆರೆದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ, ಉದ್ದ 2.44 ಕಿಲೋಮೀಟರ್. ನಾನು ಸಣ್ಣವಳಿದ್ದಾಗ ಇಲ್ಲಿ ಲಾಂಚಿಗೆ ಗಂಟೆಗಟ್ಟಲೆ ಕಾಯಬೇಕಿತ್ತು. ಆ ದಡ ಸೇರಿ ಊಟ ತಡವಾದರೆ ಕೊನೆಯ ಲಾಂಚ್ ತಪ್ಪುವ ಭಯ. ಮಕ್ಕಳಿಗೆ ಇದನ್ನೆಲ್ಲ ಹೇಳುವಷ್ಟರಲ್ಲಿ ಸೇತುವೆ ಮುಗಿದಿತ್ತು.

ಸಂಜೆ ತವರು. ಅಣ್ಣ ತೋಟದಿಂದ ಆಗ ತಾನೇ ಬಂದಿದ್ದ, ಕೈಯೆಲ್ಲ ಮೈಲುತುತ್ತದ ನೀಲಿ. ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಸಲ ಔಷಧಿ ಹೊಡೆಸಬೇಕು, ಮಳೆ ಒಂದು ದಿನವೂ ಬಿಡುತ್ತಿಲ್ಲ ಅಂದ. ಲಿಂಗನಮಕ್ಕಿ ಅಣೆಕಟ್ಟೆಗೆ 1819 ಅಡಿ ತುಂಬಲು ಇನ್ನೆಷ್ಟು ಬಾಕಿ ಅನ್ನುವುದು ಎರಡನೇ ಮಾತು. ಇಲ್ಲಿ ಮಳೆಗಾಲದಲ್ಲಿ ಕುಶಲ ವಿಚಾರಿಸುವುದೇ ಹೀಗೆ.

ಅಮ್ಮ ನಮ್ಮ ಸೂಟ್‌ಕೇಸ್ ನೋಡಿ, "ಎಂಥದೇ ಇದು, ಐದು ಜನಕ್ಕೆ ಇಷ್ಟೇ ಸಾಮಾನಾ?" ಅಂದಳು. ಅವಳ ಕಣ್ಣು ಸಾಮಾನಿನ ಮೇಲಿರಲಿಲ್ಲ, ಖಾಲಿ ಜಾಗದ ಮೇಲಿತ್ತು.

ಒದ್ದೆ ಬಟ್ಟೆಯ ರಾಶಿ ಅತ್ತಿಗೆಯ ಕೈಗೆ ಹೋಯಿತು. ನಮ್ಮ ಬಚ್ಚಲಿನಲ್ಲಿ ಹಂಡೆಯ ಒಲೆಗೆ ಮಳೆಗಾಲ ಪೂರ್ತಿ ಬೆಂಕಿ ಆರುವುದಿಲ್ಲ. ಒಲೆಯ ಮೇಲೆ ಅಡ್ಡಕ್ಕೆ ಎರಡು ಬಿದಿರಿನ ಗಳ ಇಳಿಬಿಟ್ಟಿದೆ. ಅದರ ಮೇಲೆ ಸಾಲಾಗಿ ನಮ್ಮ ಬಟ್ಟೆ, ಕೊನೆಯಲ್ಲಿ ಮಗಳ ಕಳ್ಳ ಜೀನ್ಸ್. ಹಿಂಡಿದರೂ ಸೊಂಟಪಟ್ಟಿಯಿಂದ ನೀರು ತೊಟ್ಟಿಕ್ಕಿ ಬೂದಿಯ ಮೇಲೆ ಚುಯ್ ಅನ್ನುತ್ತಿತ್ತು. ಬೆಳಿಗ್ಗೆ ಹೊತ್ತಿಗೆ ಉಳಿದದ್ದೆಲ್ಲ ಗರಿಗರಿ, ಜೀನ್ಸಿನ ಜೇಬು ಮಾತ್ರ ಇನ್ನೂ ತಣ್ಣಗೆ. ಎಲ್ಲಕ್ಕೂ ಹೊಗೆಯ ವಾಸನೆ. ಮಗ ತನ್ನ ಅಂಗಿ ಮೂಸಿ, ಇದು ಅಜ್ಜಿ ವಾಸನೆ ಅಂದ.

ಆಗಸ್ಟ್ 17, ಭಾನುವಾರ

ಕಟ್ಟುವ ದಿನ. ಜಗುಲಿಯ ಮೇಲೆ ಅಮ್ಮ ಒಂದೊಂದೇ ತಂದಿಟ್ಟಳು. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಕಾಳುಮೆಣಸು, ಮುರುಗಲು ಸಿಪ್ಪೆ, ಅತ್ತೆಗೆ ಅಂತ ಅಡಿಕೆ, ಐದು ಸೇರು ಕೆಂಪಕ್ಕಿ, ಅಟ್ಟದಲ್ಲಿ ಬಾಳೆನಾರಿನಲ್ಲಿ ತೂಗುಬಿಟ್ಟಿದ್ದ ಎರಡು ಮೊಗೆಕಾಯಿ, ಜೋನಿಬೆಲ್ಲ ಅನ್ನುವ ನೀರು ಬೆಲ್ಲ. "ಅಮ್ಮಾ, ವಿಮಾನ ಇದು" ಅಂದೆ. "ಗೊತ್ತು ಮಾರಾಯ್ತಿ, ಅದಕ್ಕೇ ಕಮ್ಮಿ ಕೊಡ್ತಾ ಇರೋದು" ಅಂದಳು.

ಜೋನಿಬೆಲ್ಲ ಕಂಡರೆ ನನಗೆ ಭಯ. ಮೂರು ವರ್ಷದ ಹಿಂದೆ ತುಂಬಿದ ಬಾಟಲಿ ಹಾಗೇ ಸೂಟ್‌ಕೇಸಿನಲ್ಲಿ ಹಾಕಿದ್ದೆ. ಮನೆಗೆ ಹೋಗಿ ಬಿಚ್ಚುವ ಹೊತ್ತಿಗೆ ನನ್ನ ಮೈಸೂರು ಸಿಲ್ಕ್ ಸೀರೆ ಒಬ್ಬಟ್ಟಾಗಿತ್ತು. ಈ ಸಲ ಅಣ್ಣ ಮೆತ್ತನೆಯ ಪ್ಲಾಸ್ಟಿಕ್ ಬಾಟಲಿ ತಂದ. ಪೂರ್ತಿ ತುಂಬಿಸದೆ, ಬಾಟಲಿಯ ಹೊಟ್ಟೆ ಅಮುಕಿ ಒಳಗಿನ ಗಾಳಿ ಹೊರಗೆ ಹಾಕಿ, ಅಮುಕಿಕೊಂಡೇ ಮುಚ್ಚಳ ಬಿಗಿದ. ಮೇಲೆ ಹೋದಾಗ ಸುತ್ತಲಿನ ಒತ್ತಡ ಇಳಿದು ಒಳಗಿನ ಗಾಳಿ ಹಿಗ್ಗುತ್ತೆ, ಹಿಗ್ಗಲಿಕ್ಕೆ ಜಾಗ ಇಲ್ಲದಿದ್ದರೆ ಮುಚ್ಚಳದ ಸಂದಿಯಿಂದ ಬೆಲ್ಲ ಬರುತ್ತೆ. ಮುಚ್ಚಳದ ಸುತ್ತ ಟೇಪು, ಅದರ ಮೇಲೆ ಎರಡು ಪ್ಲಾಸ್ಟಿಕ್ ಕವರ್, ಅದನ್ನು ಎತ್ತಿ ಸ್ಟೀಲ್ ಡಬ್ಬಿಯೊಳಗೆ ನಿಲ್ಲಿಸಿ, ಸುತ್ತ ಮಗಳ ಜೀನ್ಸ್ ತುರುಕಿದ. ಅಂತೂ ಆ ಜೀನ್ಸ್ ಒಂದು ಉಪಯೋಗಕ್ಕೆ ಬಂತು.

ಒಂದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಅಮ್ಮ ನಾಲ್ಕು ಇಡೀ ಕೊಬ್ಬರಿ ಗಿಟುಕು ತಂದಿಟ್ಟಿದ್ದಳು. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ತನ್ನಷ್ಟಕ್ಕೆ ತಾನೇ ಬಿಸಿಯೇರಿ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿ ಅದೂ ಇದೆ. ವಿಮಾನಕ್ಕೆ ಬೇಡ ಅಂದೆ. "ದೇವರ ಮುಂದೆ ಇಡೋ ಕೊಬ್ಬರಿಗೆ ಬೆಂಕಿ ಹತ್ತುತ್ತಾ?" ಅಂತ ಅಮ್ಮ ಅತ್ತೆಯ ಕಡೆ ತಿರುಗಿದಳು. ಬೀಗಿತ್ತಿಯರಿಬ್ಬರೂ ಒಟ್ಟಿಗೆ ತಲೆ ಅಲ್ಲಾಡಿಸಿದರು. ಇಷ್ಟು ವರ್ಷದಲ್ಲಿ ಅವರಿಬ್ಬರೂ ಒಂದೇ ಮಾತಿಗೆ ಒಪ್ಪಿದ್ದು ನಾನು ನೋಡಿದ್ದು ಆಗಲೇ.

ಸೂಟ್‌ಕೇಸ್ ತೂಗುವ ನನ್ನ ಸಣ್ಣ ಕೊಕ್ಕೆ ತಕ್ಕಡಿಯನ್ನು ಅಣ್ಣ ಮುಟ್ಟಲಿಲ್ಲ. ಅಡಿಕೆ ಮೂಟೆ ತೂಗುವ ದೊಡ್ಡ ತಕ್ಕಡಿಯನ್ನೇ ಎಳೆದು ತಂದ. ನೀಲಿ 19. ಕಪ್ಪು 21. ರಟ್ಟಿನ ಪೆಟ್ಟಿಗೆ ಒಂದು ಹೊಸದಾಗಿ ಹುಟ್ಟಿಕೊಂಡಿತ್ತು, ಅದು 8. ಅತ್ತೆಯದು 17.4. ಒಟ್ಟು 65.4 ಕೆಜಿ. "75ಕ್ಕೆ ಇನ್ನೂ ಸುಮಾರು ಜಾಗ ಇದೆ ಅಲ್ವಾ" ಅಂದ ಅಣ್ಣ. ಅಮ್ಮ ಒಳಗೆ ಹೋಗಲು ಎದ್ದಳು. ನಾನು ಸೂಟ್‌ಕೇಸಿಗೆ ಬೀಗ ಹಾಕಿಬಿಟ್ಟೆ.

ಆಗಸ್ಟ್ 18, ಸೋಮವಾರ

ಸೋಗಾನೆ. ಕೌಂಟರಿನ ಹುಡುಗಿ ನಮ್ಮ ನಾಲ್ಕು ಜನರ ಟಿಕೆಟ್ ನೋಡಿದಳು. ಮಿತಿ 60 ಕೆಜಿ, ಇದ್ದದ್ದು 48. ನಾಲ್ವರೂ ಒಂದೇ ಟಿಕೆಟ್ಟಿನಲ್ಲಿದ್ದುದರಿಂದ ತೂಕ ಒಟ್ಟು ಹಿಡಿದಳು, ಒಂದು ಸೂಟ್‌ಕೇಸ್ 21 ಇದ್ದರೂ ಏನೂ ಅನ್ನಲಿಲ್ಲ. ಅತ್ತೆಯದು ಬಂತು. 17.4. ಅವರ ಟಿಕೆಟ್ ಬೇರೆ, ಮಿತಿ 15, ಜಾಸ್ತಿ ಇದ್ದದ್ದಕ್ಕೆ ಕೆಜಿ ಲೆಕ್ಕದಲ್ಲಿ ದುಡ್ಡು. ನಮ್ಮ ಕಡೆ 12 ಕೆಜಿ ಜಾಗ ಸುಮ್ನೆ ಖಾಲಿ ಇದೆ, ಅತ್ತೆಯ ಕಡೆ ಎರಡೂವರೆ ಕೆಜಿಗೆ ದಂಡ!

ಕಪ್ಪು ಸೂಟ್‌ಕೇಸ್ ಇನ್ನೂ ಬೆಲ್ಟಿನ ಮೇಲೇ ಇತ್ತು. ಅದನ್ನೂ ಕಂದು ಸೂಟ್‌ಕೇಸನ್ನೂ ನೆಲಕ್ಕೆ ಇಳಿಸಿ ಬಿಚ್ಚಿದೆವು. ಉಪ್ಪಿನಕಾಯಿ ಡಬ್ಬಿ ಆ ಕಡೆ, ಅಡಿಕೆ ಆ ಕಡೆ. ಹಿಂದೆ ಸಾಲು ಬೆಳೆಯುತ್ತಿತ್ತು. ಮಗಳು ನಮ್ಮ ಪೈಕಿ ಅಲ್ಲವೇ ಅಲ್ಲ ಅನ್ನುವ ಹಾಗೆ ದೂರ ಹೋಗಿ ನಿಂತಳು. ಅತ್ತೆಯೂ ಸುಮ್ಮನಿರದೆ ತಮ್ಮ ಸೂಟ್‌ಕೇಸಿನಿಂದ ಏನೇನೋ ತೆಗೆದು ಕೈಚೀಲಕ್ಕೆ ಹಾಕಿಕೊಂಡರು. 14.8 ಆಯಿತು. ಬೆವರು ಒರೆಸಿಕೊಂಡೆವು.

ಭದ್ರತೆಯ ಮಷಿನ್ನಿನಲ್ಲಿ ಅತ್ತೆಯ ಸಂಚಿ ನಿಂತುಬಿಟ್ಟಿತು. ತಪಾಸಣೆಯವರು ಎಲೆ ತೆಗೆದರು, ಸುಣ್ಣದ ಡಬ್ಬಿ ತೆಗೆದರು, ಕೊನೆಗೆ ಗಿಳಿ ತಲೆಯ ಅಡಕತ್ತರಿ. ತೂಕ ಕಮ್ಮಿ ಮಾಡಲು ಅತ್ತೆ ಮೊದಲು ತೆಗೆದಿದ್ದೇ ಅದನ್ನು.

"ಅಜ್ಜಿ, ಇದು ಒಳಗೆ ಆಗಲ್ಲ." ಅವರು ಮೆತ್ತಗೇ ಹೇಳಿದರು. ಸೂಟ್‌ಕೇಸ್ ಆಗಲೇ ಹೋಗಿತ್ತು. ಅತ್ತೆ ಏನೂ ಅನ್ನಲಿಲ್ಲ, ಮೇಜಿನ ಮೇಲಿದ್ದ ಅದನ್ನು ಬೆರಳಿನಿಂದ ಒಂದು ಸಲ ಮುಚ್ಚಿ ತೆರೆದರು, ಅಷ್ಟೇ. ಇವರು ಅಣ್ಣನಿಗೆ ಫೋನ್ ಹಚ್ಚಿದರು. ಪುಣ್ಯಕ್ಕೆ ಅವನು ಹೊರಟಿರಲಿಲ್ಲ. ವಿಮಾನ ಏರುವವರೆಗೆ ಹೊರಗೇ ನಿಂತಿರು ಅಂತ ಅಮ್ಮ ಹೇಳಿ ಕಳಿಸಿದ್ದಳಂತೆ. ಸಿಬ್ಬಂದಿಯೊಬ್ಬರು ಅಡಕತ್ತರಿಯನ್ನು ಹೊರಗೆ ಒಯ್ದು ಅವನ ಕೈಗೆ ಕೊಟ್ಟು ಬಂದರು.

ಮೆಟ್ಟಿಲ ಹತ್ತಿರ ಟ್ರಾಲಿ ಕೇಳುವ ಮೊದಲೇ ಇವರು ಪವರ್ ಬ್ಯಾಂಕ್ ಜೇಬಿಗೆ ಹಾಕಿಕೊಂಡಿದ್ದರು.

ಆಗಸ್ಟ್ 24, ಭಾನುವಾರ

ಜೋನಿಬೆಲ್ಲ ಒಂದು ಹನಿಯೂ ಸೋರಿರಲಿಲ್ಲ. ಹಪ್ಪಳದಲ್ಲಿ ಅರ್ಧ ಪುಡಿ, ಅದನ್ನು ಮಕ್ಕಳು ಹಾಗೇ ಮುಕ್ಕುತ್ತಿದ್ದಾರೆ. ಬೀರುವಿನ ಬಾಗಿಲು ತೆಗೆದರೆ ಇನ್ನೂ ಬಚ್ಚಲ ಒಲೆಯ ವಾಸನೆ. ಅತ್ತೆ ಆರು ದಿನದಿಂದ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಕೊಳ್ಳುತ್ತಾ, ಇದರಲ್ಲಿ ರುಚಿಯೇ ಇಲ್ಲ ಅನ್ನುತ್ತಿದ್ದರು.

ಇವತ್ತು ಬೆಳಿಗ್ಗೆ ಶಿವಮೊಗ್ಗದಿಂದ ಬಸ್ಸಿನಲ್ಲಿ ಪಾರ್ಸೆಲ್ ಬಂತು. ಅಣ್ಣ ಅಡಕತ್ತರಿ ಕಳಿಸ್ತೀನಿ ಅಂದಿದ್ದ, ಇವರು ಸ್ಕೂಟರಿನಲ್ಲಿ ತರಲು ಹೋದವರು ಆಟೋದಲ್ಲಿ ಬಂದರು. ಕೊಕ್ಕೆ ತಕ್ಕಡಿಗೆ ಹಾಕಿ ನೋಡಿದೆ. 9 ಕೆಜಿ 200 ಗ್ರಾಂ. ಹಗ್ಗ ಬಿಚ್ಚಿದರೆ ಮೇಲುಗಡೆಯೇ ಹಳೇ ಪೇಪರಿನಲ್ಲಿ ಸುತ್ತಿದ ನಾಲ್ಕು ಕೊಬ್ಬರಿ ಗಿಟುಕು. ಅಡಕತ್ತರಿ ಎಲ್ಲೋ ತಳದಲ್ಲಿತ್ತು.